ಸಾಕ್ಷಿಯಾಗಿ ನಿಂತ ಮಗು: ಕನ್ನಡದ ಕೆಲವು ಕೃತಿಗಳಲ್ಲಿ ಬಾಲ್ಯ ಮತ್ತು ಹದಿಹರೆಯದ ಮನಸ್ಸು

ಮಕ್ಕಳಿಗಾಗಿ ಬರೆದ ಸಾಹಿತ್ಯವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ವಿಚಾರ ನಡೆದಿದೆ. ಮಕ್ಕಳನ್ನು ಕುರಿತು ದೊಡ್ಡವರಿಗಾಗಿ ಬರೆದ ಸಾಹಿತ್ಯದ ವಿಚಾರ ಅಷ್ಟಾಗಿ ನಡೆದಿಲ್ಲ. ನಮ್ಮ ಕಥೆ, ಕಾದಂಬರಿ, ಆತ್ಮಕಥನಗಳಲ್ಲಿ ಮಗು ಬರುವುದು ಅಪರೂಪವೇನೂ ಅಲ್ಲ. ಆದರೆ ಬಂದಾಗ ಅದಕ್ಕೆ ಸಾಮಾನ್ಯವಾಗಿ ವಹಿಸಿಕೊಡುವ ಕೆಲಸ ಒಂದೇ, ನೋಡುವುದು. ಲೋಕದ ಕ್ರೌರ್ಯವನ್ನು ಏನೂ ಅರಿಯದ ಕಣ್ಣಿನ ಮೂಲಕ ತೋರಿಸಿದರೆ ಅದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆಂಬುದು ಲೇಖಕರ ನಂಬಿಕೆ. ವಿಮರ್ಶಕರೂ ಅದನ್ನೇ ಒಪ್ಪಿ, ಮಗುವಿನ ದೃಷ್ಟಿಯನ್ನು ಒಂದು ತಂತ್ರವೆಂದು ಹೆಸರಿಸಿ ಮುಂದೆ ಹೋಗುತ್ತಾರೆ. ನಂಬಿಕೆ ಸುಳ್ಳಲ್ಲ. ಆದರೆ ಹೀಗೆ ನೋಡಿದ ಮಗುವಿಗೆ ಆಮೇಲೆ ಏನಾಯಿತು ಎಂಬ ಪ್ರಶ್ನೆ ಹಿಂದೆಯೇ ಉಳಿದುಬಿಡುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು ಕಟಕಟೆಯಿಂದ ಇಳಿದವನನ್ನು ಯಾರೂ ಮನೆಯವರೆಗೆ ಕಳುಹಿಸಿ ಬರುವುದಿಲ್ಲವಷ್ಟೆ.

ಪ್ರಕೃತ ಲೇಖನದಲ್ಲಿ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’, ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಮತ್ತು ಅದರ ಜೊತೆಗೆ ‘ಭಿತ್ತಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಇವುಗಳನ್ನು ಆ ಪ್ರಶ್ನೆಯನ್ನು ಇಟ್ಟುಕೊಂಡು ಓದುವ ಪ್ರಯತ್ನ ಮಾಡಿದೆ. ಇವೆಲ್ಲ ಪ್ರಸಿದ್ಧ ಕೃತಿಗಳು. ಇವುಗಳ ಸಾಹಿತ್ಯಗುಣವನ್ನು ನಿರ್ಣಯಿಸುವ ಅಧಿಕಾರ ಚರಿತ್ರೆಯನ್ನು ಪಾಠ ಹೇಳುವ ನನಗಿಲ್ಲ. ಆದರೂ ಸಾಹಿತ್ಯದವರ ಹೊಲಕ್ಕೆ ಕಾಲಿಡಲು ಒಂದು ಕಾರಣವುಂಟು. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕವಾದೀತು.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ, ಮೌಖಿಕ ಚರಿತ್ರೆಯ ಅಭ್ಯಾಸಕ್ಕೆಂದು, ೨೦೨೧ರ ಏಪ್ರಿಲ್-ಮೇ ತಿಂಗಳುಗಳ ಕೋವಿಡ್ ಪಿಡುಗನ್ನು ತಮ್ಮ ಮನೆಯ ಮಟ್ಟಿಗೆ ಬರೆದು ತರಲು ಹೇಳಿದ್ದೆನು. ನಾನು ವಾಸವಾಗಿರುವ ಮೂಡಲಪಾಳ್ಯದಲ್ಲಿಯೇ, ನಾಲ್ಕು ಬೀದಿಗಳ ಆಚೆ ಇದ್ದ ಒಬ್ಬ ಹುಡುಗ ಹನ್ನೊಂದು ಪುಟ ಬರೆದು ತಂದನು. ತಾಯಿಗೆ ಜ್ವರ ಬಂದ ದಿನ, ಹಾಸಿಗೆಗಾಗಿ ಅಲೆದ ಕಡೆಗಳು, ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲಿನಲ್ಲಿ ಕಾದ ಗಂಟೆಗಳು, ಒಳಗೆ ಬಿಟ್ಟ ಹೊತ್ತು, ಎಲ್ಲವೂ ಕ್ರಮವಾಗಿ ಇದ್ದವು. ಒಂದು ಹೆಚ್ಚಿನ ವಿಶೇಷಣವಿಲ್ಲ. ಒಂದು ಕಡೆಯೂ ಅವನು ತನ್ನನ್ನು ಕುರಿತು ಬರೆದಿರಲಿಲ್ಲ. ಆ ವರ್ಷ ಜುಲೈ ೧೯ ಮತ್ತು ೨೨ರಂದು, ಎರಡೇ ದಿನಗಳಲ್ಲಿ ಮುಗಿದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ತಾನು ಕುಳಿತೆನೆಂಬುದನ್ನು ಕೂಡ ಪರೀಕ್ಷೆಯ ಸುದ್ದಿಯಾಗಿ ಬರೆದಿದ್ದನೇ ಹೊರತು ತನ್ನ ಸುದ್ದಿಯಾಗಿ ಅಲ್ಲ. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಉತ್ತಮ ದಾಖಲೆ’ ಎಂದು ಬರೆದು, ತರಗತಿಯಲ್ಲಿ ಹೆಚ್ಚಿನ ಅಂಕ ಕೊಟ್ಟು, ಕಟ್ಟಿನಲ್ಲಿ ಸೇರಿಸಿದೆನು. ಮರುವರ್ಷ ಅವನು ತರಗತಿಗೆ ಬರುವುದು ನಿಂತಿತು. ಒಂದು ಸಂಜೆ ಮೂಡಲಪಾಳ್ಯ ಸರ್ಕಲ್ಲಿನ ಬಳಿ ಸಿಕ್ಕಿದನು. ಕಾಲೇಜಿನ ಮಾತು ತೆಗೆದರೆ ಅದಕ್ಕೆ ಉತ್ತರ ಕೊಡದೆ, “ಸಾರ್, ಆ ಬರೆದಿದ್ದು ವಾಪಸ್ ಕೊಡ್ತೀರಾ? ಅಮ್ಮನ ವಿಷಯ ನಾನು ಇನ್ನೆಲ್ಲೂ ಬರೆದಿಲ್ಲ, ಯಾರ ಹತ್ರಾನೂ ಹೇಳಿಲ್ಲ” ಎಂದನು.

ಅವನು ಕೊಟ್ಟದ್ದನ್ನು ನಾನು ಪಿಡುಗಿನ ವಿಷಯದಲ್ಲಿ ಸಾಕ್ಷ್ಯವೆಂದು ಓದಿದ್ದೆನು. ಅದು ಅವನ ವಿಷಯವೂ ಆಗಿತ್ತು. ಈ ತಪ್ಪು ನನ್ನೊಬ್ಬನದೋ, ಅಥವಾ ಹೀಗೆ ಓದುವುದನ್ನು ನಮಗೆ ಯಾವುದೋ ಒಂದು ಅಭ್ಯಾಸ ಕಲಿಸಿಕೊಟ್ಟಿದೆಯೋ ಎಂಬ ಶಂಕೆಯಿಂದ ಹಳೆಯ ಪುಸ್ತಕಗಳನ್ನು ಮತ್ತೆ ತೆರೆಯುವಂತಾಯಿತು.

೧

‘ಘಟಶ್ರಾದ್ಧ’ವು ೧೯೬೩ರಲ್ಲಿ ಬಂದ ‘ಪ್ರಶ್ನೆ’ ಸಂಕಲನದ ಕಥೆ. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದು ಸೇರಿದ ಚಿಕ್ಕ ಹುಡುಗ ಅದರ ನಿರೂಪಕ. ಮನೆಯ ನೆನಪಿನಿಂದ ಕುಗ್ಗಿದ, ದೊಡ್ಡ ವಿದ್ಯಾರ್ಥಿಗಳ ಕಾಟಕ್ಕೆ ಸಿಕ್ಕ ಆ ಹುಡುಗನಿಗೆ ಉಡುಪರ ವಿಧವೆ ಮಗಳು ಯಮುನಾ ಆಸರೆಯಾಗುತ್ತಾಳೆ. ಆಕೆ ಗರ್ಭಿಣಿಯಾದದ್ದು, ಊರು ಅದನ್ನು ಮೂಸಿ ಹಿಡಿದದ್ದು, ಆಕೆ ಹುತ್ತದೊಳಗೆ ಕೈ ಇಟ್ಟು ಸಾಯಲು ಹೊರಟದ್ದು, ಕೊನೆಗೆ ಬದುಕಿರುವಾಗಲೇ ಆಕೆಗೆ ಶ್ರಾದ್ಧ ಮಾಡಿ ಹೊರಹಾಕಿದ್ದು, ಇವೆಲ್ಲವನ್ನೂ ಹುಡುಗ ಅರ್ಧ ತಿಳಿದು ಅರ್ಧ ತಿಳಿಯದೆ ಕಾಣುತ್ತಾನೆ. ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಇದನ್ನು ಚಲನಚಿತ್ರ ಮಾಡಿದರು. ಅವರ ಆ ಮೊದಲ ಚಿತ್ರವೇ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು.

ಕಥೆಯನ್ನೂ ಚಿತ್ರವನ್ನೂ ಕುರಿತ ಚರ್ಚೆಯೆಲ್ಲ ಸಂಪ್ರದಾಯದ ನಿಷ್ಠುರತೆ, ವೈಧವ್ಯ, ಬ್ರಾಹ್ಮಣ ಸಮಾಜದ ಒಳಗಿನ ಕೊಳೆ ಇವುಗಳ ಸುತ್ತಲೇ ಸುತ್ತಿದೆ. ಅದು ಸಹಜವೇ ಸರಿ. ಅನ್ಯಾಯ ನಡೆದದ್ದು ಯಮುನೆಗೆ. ಚಿತ್ರದ ಕೊನೆಯಲ್ಲಿ ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನೆಯೇ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುತ್ತಾಳೆ. ಹುಡುಗ ತಂದೆಯ ಜೊತೆಯಲ್ಲಿ ಹೊರಟುಹೋಗಿರುತ್ತಾನೆ. ಹೋದನಲ್ಲ, ಪಾರಾದನಲ್ಲ ಎಂದು ನಾವು ಸಮಾಧಾನ ತಾಳುತ್ತೇವೆ.

ಪಾರಾದನೇ? ಹುಡುಗನ ಪಾಲಿಗೆ ಇದು ಎರಡನೆಯ ಅಗಲಿಕೆ ಎಂಬುದನ್ನು ಗಮನಿಸಬೇಕು. ತಾಯಿಯನ್ನು ಬಿಟ್ಟು ಬಂದ ಸಂಕಟವನ್ನು ಯಮುನಕ್ಕನ ಮಡಿಲಿನಲ್ಲಿ ಕಷ್ಟದಿಂದ ಮರೆತವನು ಈಗ ಅವಳನ್ನೂ ಕಳೆದುಕೊಳ್ಳುತ್ತಾನೆ. ಮೊದಲ ಸಲ ವಿದ್ಯೆಗೆಂದು ಕಳುಹಿಸಿದವರು ಹಿರಿಯರು. ಎರಡನೆಯ ಸಲ ರಕ್ಷಣೆಗೆಂದು ಕರೆದೊಯ್ಯುವವರೂ ಹಿರಿಯರು. ಎರಡು ಸಲವೂ ಅವರು ಅವನ ಒಳಿತನ್ನೇ ಬಯಸಿದವರು. ಆದ್ದರಿಂದ ಅವನಿಗೆ ಕೋಪಿಸಿಕೊಳ್ಳಲೂ ಯಾರೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದುದು. ಶ್ರಾದ್ಧವೆಂಬುದು ಸತ್ತವರಿಗಾಗಿ ಮಾಡುವ ಕರ್ಮವಾದರೂ ಅದರ ಒಂದು ಉಪಯೋಗ ಬದುಕಿದವರಿಗೆ. ಸೂತಕದ ದಿನಗಳು, ಬಂದು ಹೋಗುವ ನಂಟರು, ಪಿಂಡ, ಊಟ, ವರ್ಷವರ್ಷಕ್ಕೂ ಬರುವ ತಿಥಿ ಇವೆಲ್ಲ ದುಃಖಕ್ಕೆ ಒಂದು ದಾರಿ ಮಾಡಿಕೊಡುತ್ತವೆ. ಘಟಶ್ರಾದ್ಧ ಇದರ ತಲೆಕೆಳಗು. ಇಲ್ಲಿ ಒಬ್ಬಳು ಸತ್ತಳೆಂದು ಸಾರಲಾಗುತ್ತದೆ, ಆದರೆ ಅವಳಿಗಾಗಿ ಅಳುವುದು ನಿಷಿದ್ಧ. ಅತ್ತವನು ಅವಳ ಪಕ್ಷದವನಾಗುತ್ತಾನೆ. ದೊಡ್ಡವರು ಈ ನಿಷೇಧವನ್ನು ಧರ್ಮವೆಂದು ತಿಳಿದೋ ಭಯದಿಂದಲೋ ಪಾಲಿಸಬಲ್ಲರು. ಏಳೆಂಟು ವರ್ಷದ ಹುಡುಗ ಏನು ಮಾಡಬೇಕು? ಅಕ್ಕ ಕಣ್ಣೆದುರಿಗೇ ಇದ್ದಾಳೆ, ಸತ್ತಿದ್ದಾಳೆ, ಅಳುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ಕಥೆಯ ನಿಜವಾದ ಭೀಕರತೆ ನನ್ನ ಮಟ್ಟಿಗೆ ಈ ಜಾಗದಲ್ಲಿದೆ. ಅನಂತಮೂರ್ತಿಯವರು ಇದನ್ನು ಬಲ್ಲರು. ಹುಡುಗನ ಅಂಜಿಕೆಯನ್ನು ಅವರು ಅಲಂಕಾರವಾಗಿ ಬಳಸಿಲ್ಲ. ಬಲ್ಲದೆ ಹೋದವರು ಓದುಗರಾದ ನಾವು.

ಮಗುವಿನ ಅಗಲಿಕೆಯ ವಿಚಾರವಾಗಿ ಪಾಶ್ಚಾತ್ಯ ಮನಶ್ಶಾಸ್ತ್ರ ಹೇಳಿರುವುದನ್ನು ಇಲ್ಲಿ ಸ್ವಲ್ಪ ನೆನೆಯಬಹುದು. ಎರಡನೆಯ ಮಹಾಯುದ್ಧದ ತರುವಾಯ ಮನೆ ಕಳೆದುಕೊಂಡ ಮಕ್ಕಳನ್ನು ಕುರಿತು ಜಾನ್ ಬೌಲ್ಬಿ ಎಂಬ ಆಂಗ್ಲ ವೈದ್ಯ ೧೯೫೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿಯನ್ನು ಬರೆದುಕೊಟ್ಟನು. ಅವನ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ೧೯೫೨ರಲ್ಲಿ, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹೆಣ್ಣುಮಗುವಿನ ದಿನಗಳನ್ನು ಚಿತ್ರೀಕರಿಸಿದನು. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ನಿರಾಶೆಗೆ ಬೀಳುತ್ತದೆ, ಕಡೆಗೆ ನಿರ್ಲಿಪ್ತವಾಗುತ್ತದೆ ಎಂಬುದು ಇವರ ಕಾಣ್ಕೆ. ಈ ಮೂರನೆಯ ಅವಸ್ಥೆಯ ಮಗುವನ್ನೇ ದಾದಿಯರು, ಈಗ ಹೊಂದಿಕೊಂಡಿತು, ಒಳ್ಳೆಯ ಮಗು ಎಂದು ಮೆಚ್ಚುತ್ತಿದ್ದರಂತೆ. ಹನ್ನೊಂದು ಪುಟಗಳನ್ನು ವಿಶೇಷಣವಿಲ್ಲದೆ ಬರೆದು ತಂದವನನ್ನು ನಾನು ಮೆಚ್ಚಿದ್ದು ನೆನಪಾಯಿತು.

ಆದರೆ ಆ ಸಿದ್ಧಾಂತವನ್ನು ಹಾಗೆಯೇ ಎತ್ತಿ ತಂದು ನಮ್ಮ ಮನೆಗಳ ಮೇಲೆ ಹೊದಿಸುವುದು ಸಾಧುವಲ್ಲ. ಅಜ್ಜಿ, ಮುತ್ತಜ್ಜಿ, ಚಿಕ್ಕಮ್ಮ, ನೆರೆಮನೆಯ ಅಕ್ಕ ಹೀಗೆ ಹಲವರ ಕೈಯಲ್ಲಿ ಬೆಳೆಯುವ ಮಗುವಿನ ಅಗಲಿಕೆಯ ಲೆಕ್ಕ ಬೇರೆ. ಬಾಲ್ಯವೆಂಬ ಕಲ್ಪನೆಯೇ ಯುಗದಿಂದ ಯುಗಕ್ಕೆ ಬದಲಾಗಿದೆಯೆಂದು ಫ್ರಾನ್ಸಿನ ಫಿಲಿಪ್ ಅರಿಯೆಸ್ ೧೯೬೦ರಲ್ಲಿ ವಾದಿಸಿದ ಮೇಲೆ ಚರಿತ್ರಕಾರರಾದರೂ ಈ ಎಚ್ಚರವನ್ನು ತಪ್ಪುವಂತಿಲ್ಲ. ಸುಧೀರ್ ಕಾಕರ್ ಅವರು ೧೯೭೮ರ ತಮ್ಮ ಗ್ರಂಥದಲ್ಲಿ ಭಾರತೀಯ ಬಾಲ್ಯವನ್ನು ಬೇರೆಯಾಗಿಯೇ ವಿವೇಚಿಸಬೇಕಾಯಿತು. ಯಮುನಾ ಆ ಹುಡುಗನಿಗೆ ರಕ್ತಸಂಬಂಧಿಯಲ್ಲ, ಆದರೂ ಅಕ್ಕ. ಆ ‘ಅಕ್ಕ’ ಎಂಬ ಸಂಬೋಧನೆಯ ತೂಕವೆಷ್ಟೆಂದು ಯಾವ ವಿದೇಶೀ ಕೋಷ್ಟಕವೂ ತಿಳಿಸಲಾರದು.

೨

‘ಗೃಹಭಂಗ’ (೧೯೭೦) ದೊಡ್ಡ ಕಾದಂಬರಿ. ಸೋಮಾರಿ ಗಂಡ ಚೆನ್ನಿಗರಾಯ, ಬಾಯಿಬಡುಕಿ ಅತ್ತೆ ಗಂಗಮ್ಮ ಇವರ ನಡುವೆ ನಂಜಮ್ಮ ಸಂಸಾರವನ್ನು ಎಳೆಯುತ್ತಾಳೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆಯುತ್ತಾಳೆ. ಪಾರ್ವತಿ, ರಾಮಣ್ಣ ಎಂಬ ಮಕ್ಕಳಿಬ್ಬರೂ ಪ್ಲೇಗಿಗೆ ತುತ್ತಾಗುತ್ತಾರೆ. ಮುಂದೆ ಅದೇ ರೋಗ ನಂಜಮ್ಮನನ್ನೂ ಕೊಂಡೊಯ್ಯುತ್ತದೆ. ಉಳಿದವನು ಕಿರಿಯ ಮಗ ವಿಶ್ವ. ಕೊನೆಗೆ ಮಹಾದೇವಯ್ಯನೆಂಬ ಭಿಕ್ಷಾವೃತ್ತಿಯ ಅಯ್ಯನು ಹುಡುಗನನ್ನು ಕರೆದುಕೊಂಡು ಊರು ಬಿಡುತ್ತಾನೆ.

ಚರಿತ್ರೆಯ ವಿದ್ಯಾರ್ಥಿಗೆ ಈ ಕಾದಂಬರಿಯ ಮೇಲೆ ವಿಶೇಷವಾದ ಮಮತೆಯಿರುವುದು ಆಶ್ಚರ್ಯವಲ್ಲ. ಪ್ಲೇಗು ಬೆಂಗಳೂರಿಗೆ ಬಂದದ್ದು ೧೮೯೮ರ ಆಗಸ್ಟಿನಲ್ಲಿ. ನಗರದ ಚರಿತ್ರೆಯಲ್ಲಿ ಅದರ ಗುರುತುಗಳು ಇನ್ನೂ ಅಳಿದಿಲ್ಲ: ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆಳೆಯಲು ಮಲ್ಲೇಶ್ವರ, ಬಸವನಗುಡಿಗಳ ಬಡಾವಣೆ ಚುರುಕಾದದ್ದು, ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದದ್ದು. ಹಳ್ಳಿಗಳ ಕಡೆ ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಪ್ಪತ್ತನೆಯ ಶತಮಾನದ ನಾಲ್ಕನೆಯ ದಶಕದವರೆಗೂ ಮೈಸೂರು ಸೀಮೆಯ ಹಳ್ಳಿಗಳು ಇದನ್ನು ಕಂಡಿವೆ. ಸರ್ಕಾರದ ವರದಿಗಳಲ್ಲಿ ಇದಕ್ಕೆ ಎರಡು ಅಂಕಣಗಳು, ರೋಗ ತಗಲಿದವರು ಮತ್ತು ಸತ್ತವರು. ಆ ಎರಡೂ ಅಂಕಣಗಳಿಗೆ ಸೇರದವನು ವಿಶ್ವ. ಅವನಿಗೆ ರೋಗ ತಗಲಲಿಲ್ಲ, ಅವನು ಸಾಯಲಿಲ್ಲ. ಊರಿನ ಲೆಕ್ಕವನ್ನು ತಪ್ಪಿಲ್ಲದೆ ಬರೆದ ನಂಜಮ್ಮನ ಮಗನಿಗೆ ಯಾವ ಲೆಕ್ಕದಲ್ಲಿಯೂ ಸ್ಥಳವಿಲ್ಲ.

೨೦೨೧ರಲ್ಲಿಯೂ ಸ್ಥಿತಿ ತೀರ ಬೇರೆಯಾಗಿರಲಿಲ್ಲ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ ೩,೫೦೦ ರೂಪಾಯಿಗಳ ನೆರವನ್ನು ರಾಜ್ಯ ಸರ್ಕಾರ ಆ ಮೇ ತಿಂಗಳಿನಲ್ಲಿಯೇ ಘೋಷಿಸಿತು. ಅದು ಒಳ್ಳೆಯ ಕೆಲಸ. ಹಳೆಯ ಪ್ಲೇಗಿನ ಕಾಲದಲ್ಲಿ ಇಂಥದನ್ನು ಯಾರು ಕಂಡಿದ್ದರು? ಆದರೆ ಮೂಡಲಪಾಳ್ಯದ ಹುಡುಗನಿಗೆ ತಂದೆ ಇದ್ದರು. ಇಬ್ಬರೂ ಸತ್ತವರ ಪಟ್ಟಿಗೆ ಅವನು ಬರಲಿಲ್ಲ. ಪಟ್ಟಿಯನ್ನು ಎಲ್ಲಿಯೋ ಒಂದು ಕಡೆ ನಿಲ್ಲಿಸಲೇಬೇಕು ನಿಜ. ಪಟ್ಟಿಯ ಆಚೆ ದುಃಖವೂ ನಿಂತಿತೆಂದು ನಾವು ಭಾವಿಸಿಬಿಡುತ್ತೇವೆ, ಅಷ್ಟೆ.

ಭೈರಪ್ಪನವರ ವಿಷಯಕ್ಕೆ ಮರಳೋಣ. ವಿಶ್ವನು ಊರು ಬಿಟ್ಟಲ್ಲಿ ಕಾದಂಬರಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಏನಾಯಿತೆಂಬುದಕ್ಕೆ ಇಪ್ಪತ್ತಾರು ವರ್ಷಗಳ ತರುವಾಯ, ೧೯೯೬ರಲ್ಲಿ, ಲೇಖಕರೇ ‘ಭಿತ್ತಿ’ಯಲ್ಲಿ ಒಂದು ಬಗೆಯ ಉತ್ತರ ಕೊಟ್ಟರು. ೨೦೨೫ರ ಸೆಪ್ಟೆಂಬರಿನಲ್ಲಿ ನಿಧನರಾದ ಭೈರಪ್ಪನವರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದವರು; ಚಿಕ್ಕಂದಿನಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು. ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕಾದಂಬರಿಯ ಎಷ್ಟು ಭಾಗ ನಿಜವೆಂದು ಎಣಿಸುವ ಚಪಲ ಅನೇಕರಿಗೆ ಉಂಟು. ಅದರಿಂದ ಹೆಚ್ಚಿನ ಲಾಭವಿಲ್ಲ. ನಮಗೆ ಬೇಕಾದದ್ದು ಬೇರೆ: ಕಾದಂಬರಿ ಬಾಲ್ಯದ ಅಂಚಿನಲ್ಲಿ ನಿಲ್ಲುತ್ತದೆ, ಆತ್ಮಕಥನ ಹದಿಹರೆಯವನ್ನು ದಾಟುತ್ತದೆ. ಹಸಿವು, ವಾರಾನ್ನ, ಕೂಲಿ, ಊರೂರು ಅಲೆದಾಟ, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿಯ ಕೆಲಸ, ಮತ್ತೆ ಮೈಸೂರು, ಮತ್ತೆ ಓದು. ಸಾವು ಎಂದರೇನು ಎಂಬ ಪ್ರಶ್ನೆ ಹುಡುಗನನ್ನು ಬಿಡದೆ ಕಾಡಿ ಅವನನ್ನು ತತ್ತ್ವಶಾಸ್ತ್ರದ ತರಗತಿಗೆ ಕೊಂಡೊಯ್ದಿತೆಂದು ಲೇಖಕರು ತಾವೇ ಹೇಳಿಕೊಂಡಿದ್ದಾರೆ.

ಇದನ್ನು ಓದಿದ ನಾವು ಸಾಮಾನ್ಯವಾಗಿ ಛಲವನ್ನು ಹೊಗಳುತ್ತೇವೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇಂಥ ಬಾಲ್ಯಗಳನ್ನು ಮಕ್ಕಳ ಮುಂದೆ ದೃಷ್ಟಾಂತವಾಗಿ ಇಡುವ ರೂಢಿಯೂ ಇದೆ. ಕಷ್ಟವೇ ಮನುಷ್ಯನನ್ನು ಮಾಡಿತೆಂದು ಭಾಷಣ ಮಾಡುವವರಿಗೆ ಅದೇ ಕಷ್ಟ ಮುರಿದುಹಾಕಿದ ಹುಡುಗರು ಆತ್ಮಕಥೆ ಬರೆಯುವುದಿಲ್ಲವೆಂಬ ಸಾಮಾನ್ಯ ಸಂಗತಿ ಹೊಳೆಯುವುದಿಲ್ಲ. ದಾಖಲೆ ಬಿಟ್ಟುಹೋದವರಿಂದ ಬಿಡದೆ ಹೋದವರನ್ನು ಊಹಿಸಬೇಕಾದುದು ಚರಿತ್ರೆಯ ಮೊದಲ ಪಾಠಗಳಲ್ಲಿ ಒಂದು. ‘ಭಿತ್ತಿ’ಯನ್ನು ಛಲದ ಕಥೆಯೆಂದು ಓದುವುದಕ್ಕಿಂತ, ದುಃಖವನ್ನು ದುಃಖವಾಗಿ ಅನುಭವಿಸಲು ಬಿಡುವು ದೊರೆಯದ ಹುಡುಗನೊಬ್ಬ ಅದನ್ನು ಪ್ರಶ್ನೆಯಾಗಿ ಮಾರ್ಪಡಿಸಿಕೊಂಡ ಕಥೆಯೆಂದು ಓದುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ. ಆ ಮಾರ್ಪಾಟಿಗೆ ಅವನು ತೆತ್ತ ಬೆಲೆ ಪುಸ್ತಕದ ಗದ್ಯದಲ್ಲಿಯೇ ಇದೆ. ಗದ್ಯ ಬಿಗಿಯಾದದ್ದು, ಒಣಗಿದ್ದು. ಸಾವುಗಳ ಬಳಿ ಅದು ಇನ್ನಷ್ಟು ಒಣಗುತ್ತದೆ. ಕೆಲವರು ಇದನ್ನು ದೋಷವೆಂದಾರು. ಆ ಒಣಗಿದ ಜಾಗಗಳೇ ನನಗೆ ಹೆಚ್ಚು ನಂಬಿಕೆಯ ದಾಖಲೆಗಳಾಗಿ ಕಂಡಿವೆ.

ಇಲ್ಲಿ ಹುಡುಗಿಯರ ಮಾತನ್ನು ಬಿಡುವಂತಿಲ್ಲ. ನಾನು ಆರಿಸಿಕೊಂಡ ಕೃತಿಗಳೆಲ್ಲ ಗಂಡುಮಕ್ಕಳವು. ಇದು ನನ್ನ ಆಯ್ಕೆಯ ಕೊರತೆ, ಒಂದಿಷ್ಟು ನಮ್ಮ ಸಾಹಿತ್ಯದ ಕೊರತೆಯೂ ಹೌದು. ಪಾರ್ವತಿ ಸತ್ತಳು, ವಿಶ್ವ ಉಳಿದನು. ಉಳಿದವಳು ಪಾರ್ವತಿಯಾಗಿದ್ದರೆ ಅವಳನ್ನು ಕರೆದುಕೊಂಡು ಹೋಗಲು ಯಾವ ಅಯ್ಯನೂ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ‘ಬೆಕ್ಕಿನ ಕಣ್ಣು’ ಕಾದಂಬರಿಯಲ್ಲಿ ಮಲತಾಯಿಯ ಭಯದಲ್ಲಿ ಬೆಳೆದ ಹುಡುಗಿಯನ್ನೇ ನಡುವೆ ಇಟ್ಟರು. ಹುಡುಗಿಯ ಮನಸ್ಸೇ ಅಲ್ಲಿ ವಸ್ತು. ಶಾಸ್ತ್ರ ಕೆಲವೆಡೆ ಕಥೆಗಿಂತ ಮುಂದೆ ನಡೆಯುತ್ತದೆಂಬುದು ನಿಜವಾದರೂ, ಮಗುವನ್ನು ಸಾಕ್ಷಿಯ ಸ್ಥಾನದಿಂದ ಎಬ್ಬಿಸಿದ ಯಶಸ್ಸು ಆಕೆಗೆ ಸಲ್ಲಬೇಕು. ನಮ್ಮ ವಿಮರ್ಶೆ ಆಕೆಯನ್ನು ಜನಪ್ರಿಯ ಲೇಖಕಿಯೆಂದು ಕರೆದು ಬದಿಗಿರಿಸಿತು.

ಶಾಸ್ತ್ರದ ವಿಷಯ ಬಂದುದರಿಂದ ಒಂದು ಮಾತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗ ೧೯೨೪ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ಮುಂದಾಳುತನದಲ್ಲಿ ಆರಂಭವಾಯಿತು. ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ ೧೯೪೦ರಲ್ಲಿ ಪ್ರಕಟಿಸಿದರು. ಹೀಗೆ ಕನ್ನಡದ ಮಗುವಿನ ಬುದ್ಧಿಯನ್ನು ಅಳೆಯುವ ಉಪಕರಣ ನಮ್ಮಲ್ಲಿ ಬೇಗನೆ ಸಿದ್ಧವಾಯಿತು. ಅದೇ ದಶಕದಲ್ಲಿ ಗುಡಿಸಲುಗಳಲ್ಲಿ ತಾಯಂದಿರನ್ನು ಕಳೆದುಕೊಳ್ಳುತ್ತಿದ್ದ ಮಕ್ಕಳ ಮಾತನ್ನು ಬರೆದಿಡಲು ಮಾತ್ರ ಕಾದಂಬರಿಕಾರನೊಬ್ಬ ದೊಡ್ಡವನಾಗುವವರೆಗೆ ಕಾಯಬೇಕಾಯಿತು.

೩

ಮೂಡಲಪಾಳ್ಯದಿಂದ ಉತ್ತರಕ್ಕೆ ನಡೆದರೆ ಮಾಗಡಿ ರಸ್ತೆ. ಅದನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಮಾಗಡಿ ತಾಲೂಕು, ಅಲ್ಲಿ ಮಂಚನಬೆಲೆ. ಪೂರ್ವಕ್ಕೆ ಬಂದರೆ ನಗರ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಶ್ರೀರಾಮಪುರ. ಸಿದ್ಧಲಿಂಗಯ್ಯನವರ (೧೯೫೪-೨೦೨೧) ಬಾಲ್ಯ ಮತ್ತು ಹದಿಹರೆಯ ಈ ದಾರಿಯ ಎರಡು ತುದಿಗಳಲ್ಲಿ ಹಂಚಿಹೋಗಿದೆ. ಅವರ ಆತ್ಮಕಥನದ ಮೊದಲ ಭಾಗ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಂದಿತು. ದಲಿತ ಬದುಕಿನ ದಾರುಣ ಸಂಗತಿಗಳನ್ನು ನಗುತ್ತ ಹೇಳುವ ಅದರ ಧಾಟಿ ಓದುಗರನ್ನು ಬೆರಗುಗೊಳಿಸಿತು, ಡಿ. ಆರ್. ನಾಗರಾಜರು ಬಡವರ ನಗುವಿನ ಶಕ್ತಿಯೆಂದು ಅದನ್ನು ಗುರುತಿಸಿದರು. ‘ಊರುಕೇರಿ’ಯನ್ನು ಕುರಿತು ಯಾರು ಮಾತನಾಡಿದರೂ ಇಂದಿಗೂ ಆ ನಗುವಿನಿಂದಲೇ ಆರಂಭಿಸುತ್ತಾರೆ.

ಆ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಒಂದು ತೊಡಕಿದೆ. ನಗುತ್ತಿರುವವನು ಯಾರು? ನಲವತ್ತು ದಾಟಿದ, ಕವಿಯೆಂದು ಪ್ರಸಿದ್ಧನಾದ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಿರೂಪಕನೋ, ಅಥವಾ ಆ ಹುಡುಗನೋ? ಘಟನೆಯ ಕಾಲ ಒಂದು, ಹೇಳಿಕೆಯ ಕಾಲ ಇನ್ನೊಂದು. ಎರಡನ್ನೂ ಬೆರೆಸಬಾರದೆಂದು ನಾವು ಶಾಸನಗಳ ವಿಷಯದಲ್ಲಿ ಎಚ್ಚರ ವಹಿಸುತ್ತೇವೆ, ಆತ್ಮಕಥೆಗಳ ವಿಷಯದಲ್ಲಿ ಮರೆಯುತ್ತೇವೆ.

ಪುಸ್ತಕದ ಆರಂಭದಲ್ಲಿ ಬರುವ ಪ್ರಸಿದ್ಧ ಸನ್ನಿವೇಶವನ್ನೇ ನೋಡೋಣ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನಡೆಯುತ್ತಿದ್ದಾರೆ, ಹಿಂದಿನಿಂದ ಮತ್ತೊಬ್ಬ ಉಳುತ್ತಿದ್ದಾನೆ. ದೂರದಿಂದ ನೋಡುತ್ತಿರುವ ಹುಡುಗನಿಗೆ ಮೊದಲು ಇದು ತಮಾಷೆ. ಆಮೇಲೆ ನೊಗ ಹೊತ್ತವರಲ್ಲಿ ಒಬ್ಬ ತನ್ನ ತಂದೆಯೆಂದು ಗೊತ್ತಾಗುತ್ತದೆ, ಏನೋ ಸಂಕಟವಾಗುತ್ತದೆ. ನಿರೂಪಕ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತಾನೆ. ಈ ಸನ್ನಿವೇಶವನ್ನು ಉದ್ಧರಿಸಿದವರೆಲ್ಲ ಮನುಷ್ಯರನ್ನು ಎತ್ತುಗಳಂತೆ ದುಡಿಸಿದ ಭೂಮಾಲಿಕತೆಗೆ ಸಾಕ್ಷ್ಯವಾಗಿ ಉದ್ಧರಿಸಿದ್ದಾರೆ. ಸಾಕ್ಷ್ಯ ಹೌದು. ಆದರೆ ಭೂಮಾಲಿಕತೆಯ ಚರಿತ್ರೆಗೆ ಆ ಮೊದಲ ತಮಾಷೆ ಬೇಕಾಗಿರಲಿಲ್ಲ. ಲೇಖಕರು ಅದನ್ನು ಬಿಡಲಿಲ್ಲ. ತಾನು ನಕ್ಕೆನ್ನುವುದನ್ನು, ನಕ್ಕ ಮೇಲೆ ಗುರುತು ಹಿಡಿದೆನೆನ್ನುವುದನ್ನು ಹೇಳಿದ್ದಾರೆ. ಆ ಎರಡು ಕ್ಷಣಗಳ ನಡುವೆ ಒಂದು ಮಗುವಿನ ಲೋಕ ಬದಲಾಯಿತು. ತಂದೆ ಯಾರೆಂಬುದು ಬದಲಾಯಿತು, ತಾನು ಯಾರೆಂಬುದೂ. ತಂದೆಯನ್ನು ನೋಡಿ ನಕ್ಕ ತಪ್ಪನ್ನು ಆ ಹುಡುಗ ಹೇಗೆ ಹೊತ್ತನು? ಮುಂದೆ ಈ ಪುಸ್ತಕದ ತುಂಬ ಹರಡಿಕೊಂಡ ನಗುವಿಗೆ, ಅನ್ಯರನ್ನು ಕುರಿತು ನಗುವುದಕ್ಕಿಂತ ತನ್ನನ್ನು ಕುರಿತೇ ಹೆಚ್ಚು ನಗುವ ಆ ಗುಣಕ್ಕೆ, ಇಲ್ಲಿಯೇ ಬೇರು ಇರಬಹುದೆಂದು ನನ್ನ ಊಹೆ. ಊಹೆ ಮಾತ್ರ, ಲೇಖಕರು ಹಾಗೆಂದು ಎಲ್ಲಿಯೂ ಹೇಳಿಲ್ಲ.

ನಗರಕ್ಕೆ ಬಂದ ಮೇಲಿನ ಭಾಗಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ವಿದ್ಯಾರ್ಥಿನಿಲಯ. ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ನಿಲಯದಲ್ಲಿ ಅವರು ಬೆಳೆದರು. (ಮನಶ್ಶಾಸ್ತ್ರದ ಗೋಪಾಲಸ್ವಾಮಿಯವರು ಬೇರೆ.) ಎರಿಕ್ ಎರಿಕ್‌ಸನ್ ಎಂಬ ಮನೋವಿಶ್ಲೇಷಕ, ೧೯೫೦ರಲ್ಲಿ ಬಾಲ್ಯ ಮತ್ತು ಸಮಾಜವನ್ನು ಕುರಿತು ಗ್ರಂಥ ಬರೆದವನು, ಹದಿಹರೆಯಕ್ಕೆ ಒಂದು ಲಕ್ಷಣವನ್ನು ಹೇಳುತ್ತಾನೆ. ತಾನು ಯಾರೆಂದು ಹುಡುಕಿಕೊಳ್ಳುವ ಈ ವಯಸ್ಸಿನಲ್ಲಿ ಸಮಾಜವು ಅವನಿಂದ ದೊಡ್ಡವರ ಹೊಣೆಯನ್ನು ಕೇಳದೆ ಕೆಲಕಾಲ ಬಿಡಬೇಕು. ಇದಕ್ಕೆ ಅವನು ಬಳಸಿದ ಪದ ‘ಮೊರಟೋರಿಯಂ’. ಆ ಪದದ ಮೂಲಾರ್ಥ ಸಾಲ ವಸೂಲಿಯನ್ನು ಕೆಲಕಾಲ ತಡೆಹಿಡಿಯುವುದು. ಅವನಿಗೆ ಅದು ಒಂದು ರೂಪಕ. ನೊಗಕ್ಕೆ ಹೆಗಲು ಕೊಟ್ಟ ತಂದೆಯ ಮಗನಿಗೆ, ದುಡಿಮೆಯೇ ಹುಟ್ಟಿನಿಂದ ಬಂದ ಸಾಲವಾಗಿದ್ದ ಕೇರಿಯ ಹುಡುಗನಿಗೆ, ಅದು ಅಕ್ಷರಶಃ ನಿಜ. ಎರಡು ಹೊತ್ತಿನ ಊಟ, ಮಲಗಲು ಜಾಗ, ವಯಸ್ಸಿನ ಸಂಗಾತಿಗಳು, ಚರ್ಚಾಸ್ಪರ್ಧೆ, ಪೋಲಿ ಹರಟೆ, ಕವಿತೆ; ಇಷ್ಟನ್ನು ಕೊಟ್ಟ ನಿಲಯ ಅವನಿಗೆ ವಿದ್ಯೆಗಿಂತ ಮೊದಲು ಹದಿಹರೆಯವನ್ನೇ ಕೊಟ್ಟಿತು. ಅದಿಲ್ಲದಿದ್ದರೆ ಬಾಲ್ಯದಿಂದ ನೇರವಾಗಿ ನೊಗಕ್ಕೆ ಹೋಗುವುದಿತ್ತು.

ಮೈಸೂರು ಸಂಸ್ಥಾನದಲ್ಲಿ ಮಠಗಳು, ಜಾತಿ ಸಂಘಗಳು, ಸಮಾಜ ಸೇವಕರು, ಆಮೇಲೆ ಸರ್ಕಾರ ಕಟ್ಟಿದ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ನಾವು ಶಿಕ್ಷಣದ ಅಧ್ಯಾಯದಲ್ಲಿ, ಹೆಚ್ಚೆಂದರೆ ೧೯೧೮ರ ಮಿಲ್ಲರ್ ಸಮಿತಿಯಿಂದ ಮೊದಲಾದ ಹಿಂದುಳಿದ ವರ್ಗಗಳ ರಾಜಕೀಯದ ಅಧ್ಯಾಯದಲ್ಲಿ ಬರೆಯುತ್ತೇವೆ. ಅದನ್ನು ಮನಸ್ಸಿನ ಚರಿತ್ರೆಯಾಗಿಯೂ ಬರೆಯಬೇಕಾಗಿದೆ. ಎಲ್ಲ ನಿಲಯಗಳೂ ಒಂದೇ ಬಗೆಯವಾಗಿರಲಿಲ್ಲ. ಹೊಟ್ಟೆಗೆ ಹಾಕಿ ಮಾನವನ್ನು ಕಿತ್ತುಕೊಂಡವೂ ಇದ್ದವು. ಅರವಿಂದ ಮಾಲಗತ್ತಿಯವರ ೧೯೯೪ರ ಆತ್ಮಕಥನದ ಹೆಸರಾದ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬುದೇ ಸರ್ಕಾರದ ನೆರವು ಪಡೆದ ಹುಡುಗರನ್ನು ಚುಚ್ಚಲು ಹುಟ್ಟಿದ ಮಾತಲ್ಲವೇ? ಉಡುಪರ ಮನೆಯೂ ಒಂದು ವಿದ್ಯಾರ್ಥಿನಿಲಯವೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಅಳಲು ಅಪ್ಪಣೆಯಿರಲಿಲ್ಲ.

ಸಿದ್ಧಲಿಂಗಯ್ಯನವರು ೨೦೨೧ರ ಜೂನ್ ೧೧ರಂದು ಕೋವಿಡ್ಡಿನಿಂದ ತೀರಿಕೊಂಡರು. ಮೂಡಲಪಾಳ್ಯದ ಹುಡುಗನ ತಾಯಿಯನ್ನು ಕೊಂಡೊಯ್ದ ಅಲೆಯೇ ಅದು. ಹುಡುಗನಿಗೆ ನಿಲಯವಿರಲಿಲ್ಲ, ಮನೆಯಿತ್ತು; ಮನೆಯಲ್ಲಿ ಅವನು ತಂಗಿಗೆ ಅಡುಗೆ ಮಾಡಿಹಾಕಿ, ತಂದೆಯ ಜೊತೆ ಕೆಲಸಕ್ಕೆ ಹೋಗತೊಡಗಿದ್ದನೆಂದು ತಡವಾಗಿ ತಿಳಿಯಿತು. ತರಗತಿಗೆ ಬಾರದವನನ್ನು ನಾವು ಹಾಜರಿ ಪುಸ್ತಕದಲ್ಲಿ ಗೈರುಹಾಜರು ಎಂದು ಗುರುತಿಸುತ್ತೇವೆ.

ಅವನು ಬರೆದದ್ದನ್ನು ಕಟ್ಟಿನಿಂದ ತೆಗೆದು ಅವನಿಗೆ ಹಿಂದಿರುಗಿಸಿದ್ದೇನೆ, ಪ್ರತಿಯನ್ನು ಇಟ್ಟುಕೊಂಡಿಲ್ಲ. ಈ ಲೇಖನದಲ್ಲಿ ಅವನ ಪ್ರಸ್ತಾಪವನ್ನು ಅವನ ಒಪ್ಪಿಗೆ ಪಡೆದೇ ಮಾಡಿದೆ. ಓದಿ ತೋರಿಸಿದಾಗ ‘ಹನ್ನೊಂದು ಪುಟ ಅಲ್ಲ ಸಾರ್, ಹನ್ನೆರಡು’ ಎಂದನು. ಹನ್ನೆರಡನೆಯದನ್ನು ಕೊಡುವ ಮುನ್ನ ತಾನೇ ಹರಿದು ಇಟ್ಟುಕೊಂಡಿದ್ದನಂತೆ.